ಲ್ಯಾಪ್‌ಟಾಪಿನ ಕಪ್ಪು ತೆರೆ: ಕಾರಣವೂ ಪರಿಹಾರವೂ

ಮನೆಯ ಲೆಕ್ಕಪತ್ರ, ಮಕ್ಕಳ ಪಾಠದ ಟಿಪ್ಪಣಿ, ಹಿರಿಯರ ಪಿಂಚಣಿಯ ಕಾಗದ, ಮದುವೆ ಮುಂಜಿಗಳ ಭಾವಚಿತ್ರ ಇವೆಲ್ಲ ಒಂದು ಕಾಲಕ್ಕೆ ಕಬ್ಬಿಣದ ಪೆಟ್ಟಿಗೆಯಲ್ಲಿಯೂ ಗೋಡೆಯ ಗೂಡಿನಲ್ಲಿಯೂ ಇರುತ್ತಿದ್ದುವು. ಈಗ ಅವುಗಳಲ್ಲಿ ಬಹುಪಾಲು ಲ್ಯಾಪ್‌ಟಾಪ್ ಎಂಬ ಮಡಿಸುವ ಗಣಕಯಂತ್ರದ ಒಡಲನ್ನು ಸೇರಿವೆ. ಪೆಟ್ಟಿಗೆಯ ಬೀಗ ಕೆಟ್ಟರೆ ಬೀಗದವನನ್ನು ಕರೆಯಿಸುತ್ತಿದ್ದೆವು. ಪೆಟ್ಟಿಗೆಯನ್ನು ಬೆಂಕಿಗೆ ಹಾಕುತ್ತಿರಲಿಲ್ಲ. ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ನಾವು ಅಷ್ಟು ತಾಳ್ಮೆಯನ್ನು ತೋರಿಸುವುದಿಲ್ಲ.

ಈ ಯಂತ್ರಕ್ಕೆ ಬರುವ ಕಾಯಿಲೆಗಳಲ್ಲಿ ಒಂದು ಹೀಗಿದೆ. ಗುಂಡಿಯನ್ನು ಒತ್ತಿದೊಡನೆ ತಯಾರಕರ ಹೆಸರು ಮೂಡುತ್ತದೆ. ಬಳಿಕ ಒಂದು ಚೆಲುವಾದ ಚಿತ್ರವೂ ವೇಳೆಯೂ ಕಾಣುತ್ತವೆ. ನಮ್ಮ ಹೆಸರಿನ ಮುಂದೆ ಗುಪ್ತಪದವನ್ನು ಬರೆಯುತ್ತೇವೆ. ಯಂತ್ರ ಅದನ್ನು ಒಪ್ಪಿಕೊಳ್ಳುತ್ತದೆ. ಇನ್ನೇನು ನಮ್ಮ ಕಡತಗಳು ಕಣ್ಣಿಗೆ ಬೀಳಬೇಕು ಎನ್ನುವಷ್ಟರಲ್ಲಿ ತೆರೆಯೆಲ್ಲ ಕಪ್ಪಾಗಿಬಿಡುತ್ತದೆ. ಮನೆಯಲ್ಲಿ ಗಲಭೆ ಪ್ರಾರಂಭವಾಗುತ್ತದೆ. ಒಬ್ಬರು ‘ಸುಟ್ಟುಹೋಯಿತು’ ಎನ್ನುತ್ತಾರೆ. ಇನ್ನೊಬ್ಬರು ‘ವೈರಸ್ ಹೊಕ್ಕಿದೆ’ ಎನ್ನುತ್ತಾರೆ. ಮೂರನೆಯವರು ‘ಫಾರ್ಮ್ಯಾಟ್ ಮಾಡಿಸಿದರೆ ಸರಿ’ ಎಂದು ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಮೂವರ ಮಾತೂ ಪರೀಕ್ಷೆಗೆ ಮುಂಚೆಯೇ ಹೊರಟ ಮಾತು.

ತೆರೆ ಕಪ್ಪಾಯಿತೆಂದ ಮಾತ್ರಕ್ಕೆ ಒಳಗಿನ ಕಡತಗಳು ನಷ್ಟವಾಗಿರುವುದಿಲ್ಲ. ಅವು ನಷ್ಟವಾಗುವುದು ಅನೇಕ ವೇಳೆ ಅನಂತರ, ದುರಸ್ತಿಯ ಆತುರದಲ್ಲಿ. ಈ ಲೇಖನದ ತಾತ್ಪರ್ಯವೆಲ್ಲ ಇದರಲ್ಲಿದೆ. ವಿಂಡೋಸ್ 10 ಮತ್ತು 11 ಎಂಬ ವ್ಯವಸ್ಥೆಗಳನ್ನುಳ್ಳ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಕಪ್ಪು ತೆರೆಯ ಕಾರಣಗಳೇನು, ಯಾವ ಕ್ರಮದಲ್ಲಿ ಪರೀಕ್ಷಿಸಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ವಿಚಾರ ಮಾಡೋಣ.

ತೆರೆಯ ಹಿಂದೆ ನಡೆಯುವುದೇನು?

ರೇಡಿಯೋ ಇಟ್ಟುಕೊಂಡವರಿಗೆ ಇಲ್ಲಿಯ ತರ್ಕ ಹೊಸದಲ್ಲ. ರೇಡಿಯೋದ ದೀಪ ಉರಿಯುತ್ತಿದ್ದು ಧ್ವನಿ ಮಾತ್ರ ಬಾರದಿದ್ದರೆ, ವಿದ್ಯುತ್ತು ಒಳಕ್ಕೆ ಬಂದಿದೆಯೆಂದು ಗೊತ್ತಾಗುತ್ತದೆ. ಆಗ ಗೋಡೆಯ ಪ್ಲಗ್ಗನ್ನು ಕಿತ್ತು ನೋಡುವುದು ವ್ಯರ್ಥ. ಧ್ವನಿಯ ಗುಂಡಿ ತಗ್ಗಿದೆಯೆ, ಮುಳ್ಳು ನಿಲಯದ ಮೇಲೆ ನಿಂತಿದೆಯೆ ಎಂದು ನೋಡಬೇಕು. ಅಂತೆಯೇ ಲ್ಯಾಪ್‌ಟಾಪಿನಲ್ಲಿ ಲಾಗಿನ್ನಿನ ಚಿತ್ರ ಕಂಡಿತು ಎಂದ ಮೇಲೆ ಎಷ್ಟೋ ಸಂಗತಿಗಳು ಸಿದ್ಧವಾದಂತಾಯಿತು. ವಿದ್ಯುತ್ತು ಸರಿಯಾಗಿದೆ. ತೆರೆಯೂ ಅದರ ಹಿಂದಣ ಬೆಳಕೂ ಒಂದು ನಿಮಿಷದ ಹಿಂದೆ ಕೆಲಸಮಾಡುತ್ತಿದ್ದುವು. ಕಡತಗಳನ್ನು ಇಟ್ಟಿರುವ ಡಿಸ್ಕಿನಿಂದ ವ್ಯವಸ್ಥೆಯ ಬಹುಭಾಗ ಓದಿಬಂದಿದೆ. ಗುಪ್ತಪದವನ್ನೂ ಯಂತ್ರ ಒಪ್ಪಿಕೊಂಡಿದೆ. ಹಾಗಾದರೆ ದೋಷವಿರುವುದು ಬಹುಮಟ್ಟಿಗೆ ಲಾಗಿನ್ನಿನ ಮುಂದಿನ ಹೆಜ್ಜೆಯಲ್ಲಿ. ಹುಡುಕಬೇಕಾದ ಜಾಗ ಇಷ್ಟು ಕಿರಿದಾಯಿತು ಎಂಬುದೇ ದೊಡ್ಡ ಸಮಾಧಾನ.

ಆ ಮುಂದಿನ ಹೆಜ್ಜೆಯನ್ನು ನಾಟಕ ಕಂಪನಿಯ ಉದಾಹರಣೆಯಿಂದ ತಿಳಿಯಬಹುದು. ಬಾಗಿಲಲ್ಲಿ ನಿಂತವನು ನಮ್ಮ ಚೀಟಿಯನ್ನು ನೋಡಿ ಒಳಗೆ ಬಿಡುತ್ತಾನೆ, ಇದೇ ಲಾಗಿನ್. ಒಳಗೆ ಹೋದಮೇಲೆ ರಂಗವನ್ನು ಸಜ್ಜುಗೊಳಿಸಿ ಅಂಕದ ಪರದೆಯನ್ನು ಏರಿಸುವವನು ಬೇರೊಬ್ಬ. ವಿಂಡೋಸಿನಲ್ಲಿ ಅವನ ಹೆಸರು ‘ಎಕ್ಸ್‌ಪ್ಲೋರರ್’. ನಾವು ಕಾಣುವ ಹಿನ್ನೆಲೆಯ ಚಿತ್ರ, ಚಿಕ್ಕ ಚಿಕ್ಕ ಗುರುತುಗಳು, ಕೆಳಗಿನ ಪಟ್ಟಿ, ಸ್ಟಾರ್ಟ್ ಗುಂಡಿ ಎಲ್ಲವನ್ನೂ ತಂದು ಜೋಡಿಸುವುದು ಈ ಕಾರ್ಯಕ್ರಮವೇ. 1995ರಲ್ಲಿ ಬಂದ ವಿಂಡೋಸ್ 95ರಿಂದಲೂ ಈ ಏರ್ಪಾಡು ನಡೆದುಬಂದಿದೆ. ಇನ್ನು ರಂಗಕ್ಕೆ ಬೆಳಕು ಬಿಡುವವನೊಬ್ಬನಿದ್ದಾನೆ. ಅವನಿಗೆ ‘ಡಿಸ್‌ಪ್ಲೇ ಡ್ರೈವರ್’ ಎಂದು ಹೆಸರು. ಇಲ್ಲಿ ಡ್ರೈವರ್ ಎಂದರೆ ಬಸ್ಸು ನಡೆಸುವವನಲ್ಲ. ಚಿತ್ರ ಬಿಡಿಸುವ ಯಂತ್ರಭಾಗಕ್ಕೂ ವಿಂಡೋಸಿಗೂ ನಡುವೆ ನಿಂತು ಒಬ್ಬರ ಮಾತನ್ನು ಮತ್ತೊಬ್ಬರಿಗೆ ತಿಳಿಯಹೇಳುವ ದ್ವಿಭಾಷಿ.

ಪ್ರೇಕ್ಷಕರು ಒಳಗೆ ಬಂದರೂ ರಂಗ ಕತ್ತಲೆಯಾಗಿದ್ದರೆ ಮುಖ್ಯವಾಗಿ ಮೂರು ಕಾರಣಗಳನ್ನು ಊಹಿಸಬಹುದು. ಪರದೆ ಏರಿಸುವವನು ಬರಲಿಲ್ಲ, ಬೆಳಕಿನವನು ಕೈಕೊಟ್ಟ, ಅಥವಾ ನಾಟಕ ಬೇರೊಂದು ರಂಗದಲ್ಲಿ ನಡೆಯುತ್ತಿದೆ. ಮೂರನೆಯದು ವಿಚಿತ್ರವಾಗಿ ತೋರಬಹುದು. ಆದರೆ ಲ್ಯಾಪ್‌ಟಾಪು ತನಗೆ ಇನ್ನೊಂದು ತೆರೆ ಜೋಡಿಸಿದೆಯೆಂದು ಭ್ರಮಿಸಿ ಚಿತ್ರವನ್ನೆಲ್ಲ ಅತ್ತ ಕಳುಹಿಸುವುದುಂಟು. ಹಿಂದಿನ ದಿನ ಟೆಲಿವಿಷನ್ನಿಗೋ ಶಾಲೆಯ ಪ್ರೊಜೆಕ್ಟರಿಗೋ ಜೋಡಿಸಿದ್ದ ಯಂತ್ರಗಳಲ್ಲಿ ಇದನ್ನು ಕಾಣಬಹುದು.

ಮೊದಲು ಲಕ್ಷಣ, ಆಮೇಲೆ ಔಷಧ

ವೈದ್ಯನು ನಾಡಿ ನೋಡದೆ ಔಷಧವನ್ನು ಕೊಡುವುದಿಲ್ಲ. ಇಲ್ಲಿಯೂ ಕೆಲವು ಲಕ್ಷಣಗಳನ್ನು ನೋಡತಕ್ಕದ್ದು.

ಮೊದಲನೆಯದು, ಇತ್ತೀಚೆಗೆ ವಿಂಡೋಸು ತನ್ನನ್ನು ತಾನು ಪರಿಷ್ಕರಿಸಿಕೊಂಡಿತೆ, ಎಂದರೆ ‘ಅಪ್‌ಡೇಟ್’ ಆಯಿತೆ ಎಂಬುದು. ಆಗಿದ್ದರೆ ಮೊದಲ ಲಾಗಿನ್ನಿನಲ್ಲಿ ಅದು ಹಲವು ನಿಮಿಷ ಕಪ್ಪಾಗಿಯೇ ಇರಬಹುದು. ಚಾರ್ಜರನ್ನು ಜೋಡಿಸಿ ಹದಿನೈದು ನಿಮಿಷ ಸುಮ್ಮನೆ ಬಿಡಿ. ಒಳಗಿನ ಫ್ಯಾನಿನ ಸದ್ದು ಏರಿಳಿಯುತ್ತಿದ್ದರೆ ಏನೋ ಕೆಲಸ ನಡೆದಿದೆಯೆಂದು ಅರ್ಥ. ನಡುವೆ ಗುಂಡಿ ಒತ್ತಿ ಆರಿಸಿದರೆ, ಅರ್ಧ ಕಟ್ಟಿದ ಗೋಡೆಯನ್ನು ತಳ್ಳಿದ ಹಾಗಾಗುತ್ತದೆ.

ಎರಡನೆಯದು, ಕಪ್ಪಿನ ಮೇಲೆ ಬಿಳಿಯ ಬಾಣದ ಗುರುತು ಕಾಣುತ್ತದೆಯೆ? ಕಂಡು, ಬೆರಳಾಡಿಸಿದಂತೆ ಅದು ಆಡಿದರೆ ಬೆಳಕಿನವನು ಹಾಜರಿದ್ದಾನೆ, ಪರದೆ ಏರಿಸುವವನು ಬಂದಿಲ್ಲ ಎಂದು ಊಹಿಸಬಹುದು.

ಮೂರನೆಯದು, ಬಾಣವಿಲ್ಲದಿದ್ದರೆ ಕೀಲಿಮಣೆಯ ‘ಕ್ಯಾಪ್ಸ್ ಲಾಕ್’ ಕೀಲಿಯನ್ನು ಒತ್ತಿ ನೋಡಿ. ಅನೇಕ ಯಂತ್ರಗಳಲ್ಲಿ ಅದಕ್ಕೊಂದು ಕಿರುದೀಪವಿರುತ್ತದೆ. ಒತ್ತಿದಾಗ ಹತ್ತಿ, ಮತ್ತೆ ಒತ್ತಿದಾಗ ಆರಿದರೆ ಯಂತ್ರ ಎಚ್ಚರವಾಗಿದೆ. ಚಿತ್ರ ಮಾತ್ರ ನಮಗೆ ಮುಟ್ಟುತ್ತಿಲ್ಲ. ದೀಪ ಅಲುಗದಿದ್ದರೆ ಯಂತ್ರ ಸ್ತಬ್ಧವಾಗಿರಬಹುದು.

ನಾಲ್ಕನೆಯದು, ಕಪ್ಪು ತೆರೆಯ ಮೇಲೆ ಬರಹವೇನಾದರೂ ಇದೆಯೆ? ಯಂತ್ರ ಕುಸಿದುಬಿದ್ದಾಗ ವಿಂಡೋಸು ನೀಲಿ ತೆರೆಯನ್ನು ತೋರಿಸುವುದು ಬಹುಕಾಲದಿಂದ ರೂಢಿಯಾಗಿತ್ತು. 2025ರಲ್ಲಿ ವಿಂಡೋಸ್ 11ರ ಮಟ್ಟಿಗೆ ಮೈಕ್ರೋಸಾಫ್ಟಿನವರು ಆ ನೀಲಿಯನ್ನು ಕಪ್ಪಿಗೆ ಬದಲಾಯಿಸಿದರು. ಆದುದರಿಂದ ಅಕ್ಷರಗಳಿಂದ ಕೂಡಿದ ಕಪ್ಪು ತೆರೆ ಬಂದರೆ ಅದು ನಾವು ಹೇಳುತ್ತಿರುವ ಕಾಯಿಲೆಯಲ್ಲ. ಅದರಲ್ಲಿ ಬರೆದಿರುವುದನ್ನು ಫೋನಿನಿಂದ ಚಿತ್ರ ತೆಗೆದಿಟ್ಟುಕೊಂಡರೆ ದುರಸ್ತಿಯವರಿಗೆ ನೆರವಾಗುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಸುಲಭೋಪಾಯಗಳು

ಈಗ ಹೇಳುವ ಉಪಾಯಗಳಲ್ಲಿ ಒಂದರಿಂದಲೂ ಕಡತಗಳಿಗೆ ಅಪಾಯವಿಲ್ಲ. ಒಂದೊಂದನ್ನು ಮಾಡಿದ ಮೇಲೂ ಅರ್ಧ ನಿಮಿಷ ಕಾದು, ಫಲವನ್ನು ನೋಡಿ, ಮುಂದಿನದಕ್ಕೆ ಹೋಗಬೇಕು. ಒಟ್ಟಿಗೆ ನಾಲ್ಕನ್ನು ಮಾಡಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು. ಮತ್ತೆ ಕಾಯಿಲೆ ಮರುಕಳಿಸಿದಾಗ ಮೊದಲಿನಿಂದ ಪ್ರಾರಂಭಿಸಬೇಕಾಗುತ್ತದೆ.

ಮೊದಲು ಯಂತ್ರಕ್ಕೆ ಜೋಡಿಸಿದ ಪೆನ್‌ಡ್ರೈವ್, ಪ್ರಿಂಟರು, ಟೆಲಿವಿಷನ್ನಿನ ತಂತಿ ಇವನ್ನೆಲ್ಲ ತೆಗೆಯಿರಿ. ತೆರೆಯ ಬೆಳಕನ್ನು ಹೆಚ್ಚಿಸುವ ಕೀಲಿಯನ್ನು ಕೆಲವು ಸಲ ಒತ್ತಿ. ಇದು ಹುಡುಗಾಟದ ಸಲಹೆಯಲ್ಲ. ಮಕ್ಕಳ ಕೈ ತಗಲಿ ಬೆಳಕು ತೀರ ತಗ್ಗಿರುವುದು ಅಪರೂಪವಲ್ಲ.

ಬಳಿಕ ಬೇರೆ ರಂಗದ ಶಂಕೆಯನ್ನು ಪರಿಹರಿಸಿಕೊಳ್ಳಬೇಕು. ಕಿಟಕಿಯ ಗುರುತುಳ್ಳ ವಿಂಡೋಸ್ ಕೀಲಿಯನ್ನು ಹಿಡಿದು ‘ಪಿ’ ಅಕ್ಷರವನ್ನು ಒತ್ತಿದರೆ, ಚಿತ್ರ ಯಾವ ತೆರೆಯ ಮೇಲೆ ಬೀಳಬೇಕೆಂದು ಕೇಳುವ ಪಟ್ಟಿ ಬರುತ್ತದೆ. ಅದು ನಮ್ಮ ಕಣ್ಣಿಗೆ ಕಾಣದೆಯೂ ಇರಬಹುದು. ಕೆಳಮುಖದ ಬಾಣದ ಕೀಲಿಯನ್ನು ಒಮ್ಮೆ ಒತ್ತಿ, ‘ಎಂಟರ್’ ಒತ್ತಿ, ಸ್ವಲ್ಪ ಕಾಯಿರಿ. ಬಾರದಿದ್ದರೆ ಇದನ್ನೇ ಮೂರು ನಾಲ್ಕು ಸಲ ಪುನರಾವರ್ತಿಸಿ. ಪಟ್ಟಿಯಲ್ಲಿರುವುದು ನಾಲ್ಕೇ ಆಯ್ಕೆಗಳು.

ಮುಂದಿನದು ಬೆಳಕಿನವನನ್ನು ತಟ್ಟಿ ಎಬ್ಬಿಸುವ ಉಪಾಯ. ವಿಂಡೋಸ್, ಕಂಟ್ರೋಲ್, ಶಿಫ್ಟ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಹಿಡಿದು ‘ಬಿ’ ಅಕ್ಷರವನ್ನು ಒತ್ತಬೇಕು. ಚಿತ್ರದ ಡ್ರೈವರು ಮಾತ್ರ ಹೊಸದಾಗಿ ಪ್ರಾರಂಭವಾಗುತ್ತದೆ. ತೆರೆ ಒಮ್ಮೆ ಮಿನುಗುವುದೋ ಸಣ್ಣ ಸದ್ದಾಗುವುದೋ ಉಂಟು. ಎಷ್ಟೋ ವೇಳೆ ಇಲ್ಲಿಗೇ ತೆರೆ ಬೆಳಗುತ್ತದೆ.

ಆಗಲೂ ಕಪ್ಪೇ ಉಳಿದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಈ ಮೂರನ್ನು ಒಟ್ಟಿಗೆ ಒತ್ತಿ. ನಾಲ್ಕೈದು ಸಾಲುಗಳ ಒಂದು ಪಟ್ಟಿ ಬಂದರೆ ಸಂತೋಷಪಡಬಹುದು. ಯಂತ್ರವೂ ಸರಿ, ಬೆಳಕೂ ಸರಿ. ಅದರಲ್ಲಿ ‘ಟಾಸ್ಕ್ ಮ್ಯಾನೇಜರ್’ ಎಂಬುದನ್ನು ಆರಿಸಿ. ಒಳಗೆ ನಡೆಯುತ್ತಿರುವ ಕೆಲಸಗಳ ಹಾಜರಿ ಪುಸ್ತಕವಿದು. ‘ವಿಂಡೋಸ್ ಎಕ್ಸ್‌ಪ್ಲೋರರ್’ ಎಂಬ ಹೆಸರು ಅಲ್ಲಿದ್ದರೆ ಅದನ್ನು ಮುಟ್ಟಿ ‘ರೀಸ್ಟಾರ್ಟ್’ ಎಂದು ಹೇಳಿ. ಹೆಸರೇ ಇಲ್ಲದಿದ್ದರೆ ‘ರನ್ ನ್ಯೂ ಟಾಸ್ಕ್’ ಎಂಬುದನ್ನು ಆರಿಸಿ; ವಿಂಡೋಸ್ 10ರಲ್ಲಿ ಇದು ‘ಫೈಲ್’ ಎಂಬುದರ ಕೆಳಗೆ ಇದೆ, 11ರಲ್ಲಿ ಮೇಲ್ಗಡೆಯೇ ಸಿಗುತ್ತದೆ. ಬರುವ ಚೌಕದಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಬರೆಯಿರಿ: ಇ, ಎಕ್ಸ್, ಪಿ, ಎಲ್, ಓ, ಆರ್, ಇ, ಆರ್, ಅನಂತರ ಒಂದು ಚುಕ್ಕೆ, ಅನಂತರ ಇ, ಎಕ್ಸ್, ಇ. ಎಂಟರ್ ಒತ್ತಿದರೆ, ತಡವಾಗಿ ಬಂದ ಪರದೆಯವನು ತನ್ನ ಕೆಲಸಕ್ಕೆ ತೊಡಗುತ್ತಾನೆ.

ಈ ಉಪಾಯದಿಂದ ಅಂದಿನ ಕೆಲಸ ನಡೆಯಬಹುದು. ಆದರೆ ಅವನು ತಾನಾಗಿಯೇ ಏಕೆ ಬರಲಿಲ್ಲ ಎಂಬ ಪ್ರಶ್ನೆ ಉಳಿದೇ ಇದೆ. ಮರುದಿನವೂ ಹೀಗೆಯೇ ಆದರೆ ಕಾರಣವನ್ನು ಹುಡುಕತಕ್ಕದ್ದು. ಅಷ್ಟರೊಳಗೆ ಬೇಕಾದ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳುವುದು ಜಾಣತನ.

ಆರಿಸಿ ಹೊತ್ತಿಸುವುದೂ, ‘ರೀಸ್ಟಾರ್ಟ್’ ಮಾಡುವುದೂ

ಎಲ್ಲರಿಗೂ ಗೊತ್ತಿರುವ ಉಪಾಯವೊಂದಿದೆ: ಆರಿಸಿ ಮತ್ತೆ ಹೊತ್ತಿಸುವುದು. ಆದರೆ ಇದರಲ್ಲಿ ಒಂದು ಸೂಕ್ಷ್ಮವುಂಟು. ವಿಂಡೋಸ್ 10 ಮತ್ತು 11ರಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಮರುದಿನ ಬೇಗ ಏಳಲೆಂದು, ‘ಷಟ್‌ಡೌನ್’ ಎಂದಾಗ ಯಂತ್ರ ತನ್ನ ಒಳಗಿನ ವ್ಯವಸ್ಥೆಯ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಎದ್ದಾಗ ಅದನ್ನೇ ಓದಿಕೊಂಡು ಮುಂದುವರಿಯುತ್ತದೆ. ಹೀಗಾಗಿ ಡ್ರೈವರಿನಲ್ಲಿ ಸಿಕ್ಕಿಕೊಂಡ ದೋಷವೂ ಅದರೊಂದಿಗೇ ಎದ್ದುಬರಬಹುದು. ‘ರೀಸ್ಟಾರ್ಟ್’ ಎಂದರೆ ಹಾಗಲ್ಲ. ಆಗ ಎಲ್ಲವೂ ಮೊದಲಿನಿಂದ ಹೊಸದಾಗಿ ಪ್ರಾರಂಭವಾಗುತ್ತದೆ. ನಾಲ್ಕು ಸಲ ಆರಿಸಿ ಹೊತ್ತಿಸಿದರೂ ಹೋಗದ ಕಾಯಿಲೆ ಒಂದು ರೀಸ್ಟಾರ್ಟಿನಿಂದ ಹೋಗುವುದು ಇದೇ ಕಾರಣದಿಂದ.

ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದಾಗ ಬರುವ ತೆರೆಯ ಬಲಗಡೆಯ ಕೆಳಮೂಲೆಯಲ್ಲಿ ವಿದ್ಯುತ್ತಿನ ಗುರುತೊಂದಿರುತ್ತದೆ, ರೀಸ್ಟಾರ್ಟ್ ಅಲ್ಲಿದೆ. ಆ ತೆರೆಯೂ ಬಾರದಿದ್ದರೆ ಮಾತ್ರ, ಯಂತ್ರದ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು ಆರಿಸಬಹುದು. ಇದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಬರೆಯುತ್ತಿದ್ದ ಕಡತ ಅರ್ಧಕ್ಕೆ ತುಂಡಾಗುವ ಸಂಭವವಿದೆ.

ಅನ್ವಯ ಮತ್ತು ವ್ಯತಿರೇಕ

ನಮ್ಮ ಶಾಸ್ತ್ರಕಾರರು ಕಾರಣವನ್ನು ನಿರ್ಣಯಿಸಲು ಅನ್ವಯ, ವ್ಯತಿರೇಕ ಎಂಬ ಎರಡು ಮಾರ್ಗಗಳನ್ನು ಹೇಳುತ್ತಾರೆ. ಇದು ಇದ್ದರೆ ಅದು ಇರುತ್ತದೆ ಎಂಬುದು ಅನ್ವಯ. ಇದು ಇಲ್ಲದಿದ್ದರೆ ಅದು ಇರದು ಎಂಬುದು ವ್ಯತಿರೇಕ. ಎರಡೂ ಹೊಂದಿದರೆ ಕಾರಣ ಸಿಕ್ಕಂತೆ. ಲ್ಯಾಪ್‌ಟಾಪಿಗೂ ಈ ವಿಧಾನ ಚೆನ್ನಾಗಿ ಒಪ್ಪುತ್ತದೆ.

ಒಂದೇ ಯಂತ್ರದಲ್ಲಿ ತಂದೆಗೊಂದು, ಮಗಳಿಗೊಂದು ಖಾತೆ ಇದೆಯೆನ್ನಿ. ತಂದೆಯ ಹೆಸರಿನಲ್ಲಿ ಕಪ್ಪಾಗುವ ತೆರೆ ಮಗಳ ಹೆಸರಿನಲ್ಲಿ ಬೆಳಗಿದರೆ ಡ್ರೈವರಿನ ಮೇಲೂ ಯಂತ್ರದ ಮೇಲೂ ಇದ್ದ ಶಂಕೆ ಬಹುಮಟ್ಟಿಗೆ ಹೋಯಿತು. ದೋಷ ತಂದೆಯ ಖಾತೆಯಲ್ಲಿದೆ: ಒಂದೋ ಅದರ ಏರ್ಪಾಡು ಕೆಟ್ಟಿದೆ, ಇಲ್ಲವೆ ಅವರು ಲಾಗಿನ್ ಆದೊಡನೆ ತಾನಾಗಿ ಎದ್ದುಬರುವ ಯಾವುದೋ ಕಾರ್ಯಕ್ರಮ ದಾರಿಗೆ ಅಡ್ಡ ಬಿದ್ದಿದೆ. ಇಬ್ಬರ ಹೆಸರಿನಲ್ಲಿಯೂ ಕಪ್ಪಾದರೆ ದೋಷ ಇಬ್ಬರಿಗೂ ಸಾಮಾನ್ಯವಾದ ಡ್ರೈವರಿನಲ್ಲಿ ಅಥವಾ ವ್ಯವಸ್ಥೆಯಲ್ಲಿದೆ.

ಸೇಫ್ ಮೋಡ್

ಮೇಲಿನ ಉಪಾಯಗಳು ಫಲಿಸದಿದ್ದಾಗ ‘ಸೇಫ್ ಮೋಡ್’ ಎಂಬ ದಾರಿಯುಂಟು. ಆಗ ವಿಂಡೋಸು ಅಲಂಕಾರಗಳನ್ನೆಲ್ಲ ಕಳಚಿಟ್ಟು, ಅತ್ಯಗತ್ಯವಾದ ಕೆಲವೇ ಭಾಗಗಳೊಂದಿಗೆ, ಚಿತ್ರಕ್ಕೆ ತೀರ ಸರಳವಾದ ಡ್ರೈವರಿನೊಂದಿಗೆ ಏಳುತ್ತದೆ. ಜ್ವರದವರಿಗೆ ಗಂಜಿಯ ಪಥ್ಯವಿದ್ದಂತೆ. ಸೇಫ್ ಮೋಡಿನಲ್ಲಿ ತೆರೆ ಬೆಳಗಿ, ಸಾಮಾನ್ಯ ರೀತಿಯಲ್ಲಿ ಕಪ್ಪಾದರೆ, ಬಿಟ್ಟುಬಂದ ಭಾಗಗಳಲ್ಲೊಂದು ಅಪರಾಧಿ ಎಂದು ವ್ಯತಿರೇಕದಿಂದ ಸಿದ್ಧವಾಗುತ್ತದೆ.

ಈ ದಾರಿ ಎಷ್ಟು ಮುಖ್ಯವೆಂಬುದನ್ನು 2024ರ ಜುಲೈ 19ರಂದು ಲೋಕವೇ ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆ ತನ್ನ ರಕ್ಷಣಾ ಕಾರ್ಯಕ್ರಮಕ್ಕೆ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟಿನವರ ಅಂದಾಜಿನಂತೆ, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆ ತೋರಿಸಿ ನಿಂತುಹೋದುವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಕೈಬರಹದ ಚೀಟಿಗಳನ್ನು ಕೊಟ್ಟು ಪ್ರಯಾಣಿಕರನ್ನು ಕಳುಹಿಸಬೇಕಾಯಿತು. ಅಷ್ಟು ದೊಡ್ಡ ವಿಪತ್ತಿಗೆ ಅಂದು ಹೇಳಿದ ಮದ್ದು ಇಷ್ಟೆ: ಯಂತ್ರವನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ ಆ ಒಂದು ಕಡತವನ್ನು ತೆಗೆದುಹಾಕುವುದು. ಯಂತ್ರಗಳನ್ನೆಲ್ಲ ಅಳಿಸಿ ಬರೆಯಬೇಕಾಗಿ ಬರಲಿಲ್ಲ.

ನಮ್ಮ ಕಾಯಿಲೆಯಲ್ಲಿ ಲಾಗಿನ್ನಿನ ತೆರೆ ಕಾಣುವುದರಿಂದ ಸೇಫ್ ಮೋಡಿಗೆ ಹೋಗುವುದು ಸುಲಭ. ಗುಪ್ತಪದ ಬರೆಯುವ ಮುನ್ನವೇ, ‘ಶಿಫ್ಟ್’ ಕೀಲಿಯನ್ನು ಹಿಡಿದುಕೊಂಡು, ಮೂಲೆಯ ವಿದ್ಯುತ್ತಿನ ಗುರುತಿನಲ್ಲಿ ‘ರೀಸ್ಟಾರ್ಟ್’ ಆರಿಸಿ. ಬರುವ ಪಟ್ಟಿಗಳಲ್ಲಿ ಕ್ರಮವಾಗಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ‘ರೀಸ್ಟಾರ್ಟ್’ ಎಂದು ಆರಿಸುತ್ತ ಹೋದರೆ ಕೊನೆಯಲ್ಲಿ ಅಂಕೆ ಹಾಕಿದ ಒಂದು ಪಟ್ಟಿ ಸಿಗುತ್ತದೆ. 4 ಎಂಬ ಅಂಕೆಯನ್ನು ಒತ್ತಿದರೆ ಸೇಫ್ ಮೋಡ್. 5 ಎಂಬುದನ್ನು ಒತ್ತಿದರೆ ಅಂತರ್ಜಾಲವೂ ಕೂಡಿದ ಸೇಫ್ ಮೋಡ್.

ಹೊರಡುವ ಮುನ್ನ ಕೈಯಲ್ಲಿರಬೇಕಾದ ಎರಡು ವಸ್ತುಗಳುಂಟು. ಸೇಫ್ ಮೋಡಿನಲ್ಲಿ ನಿತ್ಯದ ಕಿರು ಸಂಖ್ಯೆಗೆ, ಎಂದರೆ ಪಿನ್ನಿಗೆ, ಬದಲಾಗಿ ಪೂರ್ಣ ಗುಪ್ತಪದವನ್ನೇ ಕೇಳಬಹುದು. ಆದುದರಿಂದ ಅದು ನೆನಪಿರಬೇಕು. ಎರಡನೆಯದು ಹೆಚ್ಚು ಮುಖ್ಯ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ, ಒಡೆಯನು ಗಮನಿಸದೆಯೇ, ಕಡತಗಳೆಲ್ಲ ‘ಬಿಟ್‌ಲಾಕರ್’ ಎಂಬ ಗೂಢಲಿಪಿಯಲ್ಲಿ ಅಡಗಿರುತ್ತವೆ. ಕಳ್ಳನು ಯಂತ್ರವನ್ನು ಒಯ್ದರೂ ಓದಲಾಗದಿರಲೆಂದು ಮಾಡಿದ ಏರ್ಪಾಡಿದು. ಆದರೆ ದುರಸ್ತಿಯ ದಾರಿಯಲ್ಲಿ ಅದು ನಮ್ಮನ್ನೂ ತಡೆದು 48 ಅಂಕೆಗಳ ಬಿಡುಗಡೆಯ ಕೀಲಿಯನ್ನು ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಯಂತ್ರವನ್ನು ಸಿದ್ಧಪಡಿಸಿದ್ದರೆ ಈ ಅಂಕೆಗಳು ಸಾಮಾನ್ಯವಾಗಿ ಆ ಖಾತೆಯಲ್ಲಿ ಸಂಗ್ರಹವಾಗಿರುತ್ತವೆ. ಫೋನಿನಿಂದಲೂ ಅದನ್ನು ತೆರೆದು ನೋಡಬಹುದು. ಯಂತ್ರ ಆರೋಗ್ಯವಾಗಿರುವಾಗಲೇ ಅದನ್ನು ಹುಡುಕಿ, ಕಾಗದದ ಮೇಲೆ ಬರೆದು, ಮನೆಯ ಪತ್ರಗಳೊಂದಿಗೆ ಭದ್ರವಾಗಿಡತಕ್ಕದ್ದು. ಈ ಕೀಲಿ ಕಳೆದುಹೋದರೆ ಆ ಡಿಸ್ಕಿನ ಕಡತಗಳನ್ನು ಯಾವ ಅಂಗಡಿಯವನೂ ಓದಿಕೊಡಲಾರ.

ಒಳಗೆ ಹೋದಮೇಲೆ ಮೊದಲ ಕೆಲಸ

ಸೇಫ್ ಮೋಡಿನಲ್ಲಿ ತೆರೆ ಬೆಳಗಿದ ಕೂಡಲೆ ದುರಸ್ತಿಗೆ ಕೈಹಾಕಬಾರದು. ಮೊದಲು ಕಡತಗಳನ್ನು ಹೊರಗೆ ತೆಗೆಯಬೇಕು. ದೊಡ್ಡ ಪೆನ್‌ಡ್ರೈವನ್ನೋ ಹೊರಗಿನ ಹಾರ್ಡ್ ಡಿಸ್ಕನ್ನೋ ಜೋಡಿಸಿ ಪತ್ರಗಳು, ಚಿತ್ರಗಳು, ಡೆಸ್ಕ್‌ಟಾಪಿನ ಮೇಲೆ ಇಟ್ಟವು, ‘ಡೌನ್‌ಲೋಡ್ಸ್’ ಎಂಬಲ್ಲಿ ಬಿದ್ದಿರುವವು ಎಲ್ಲವನ್ನೂ ನಕಲು ಮಾಡಿಕೊಳ್ಳಿ. ನಕಲಾದ ಕಡತಗಳಲ್ಲಿ ಎರಡು ಮೂರನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಇದು ಆಯಿತೆಂದರೆ ಮುಂದೆ ಏನೇ ಆಗಲಿ, ನಷ್ಟವಾಗುವುದು ಹೊತ್ತು ಮತ್ತು ಹಣ ಮಾತ್ರ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಸೀಮೆಯ ಒಕ್ಕಲುತನದ ಮಾತುಗಳನ್ನು ವರ್ಷಗಟ್ಟಲೆ ಕೂಡಿಹಾಕಿದ್ದರು: ನೇಗಿಲಿನ ಭಾಗಗಳ ಹೆಸರು, ಕಣದ ಮಾತು, ದನಕರುಗಳ ಬಣ್ಣಕ್ಕೆ ಹಳ್ಳಿಯವರು ಹೇಳುವ ಮಾತು, ಇಂಥವು. ಹೇಳಿಕೊಟ್ಟ ಮುದುಕಿಯರಲ್ಲಿ ಅನೇಕರು ಈಗಿಲ್ಲ. ಒಂದು ದಿನ ಅವರ ಯಂತ್ರದ ತೆರೆ ಲಾಗಿನ್ನಿನ ಬಳಿಕ ಕಪ್ಪಾಯಿತು. ಅಂಗಡಿಯವನು ಸಂಜೆಯೊಳಗೆ ಅದನ್ನು ಥಳಥಳನೆ ಬೆಳಗಿಸಿ ಕೊಟ್ಟ, ಹಣವನ್ನೂ ಹೆಚ್ಚು ಕೇಳಲಿಲ್ಲ. ಮನೆಗೆ ತಂದು ನೋಡಿದರೆ ಪದಗಳ ಒಂದು ಕಡತವೂ ಉಳಿದಿರಲಿಲ್ಲ. ‘ಒಳಗೆ ಏನಾದರೂ ಬೇಕಾದ್ದಿದೆಯೆ’ ಎಂದು ಅವನು ಕೇಳಲಿಲ್ಲ. ಹೇಳಬೇಕೆಂದು ಇವರಿಗೆ ತೋರಲಿಲ್ಲ. ಕಪ್ಪು ತೆರೆಯ ಹಿಂದೆ ಆ ಕಡತಗಳು ಬೆಳಗಿನವರೆಗೂ ಕ್ಷೇಮವಾಗಿ ಇದ್ದುವೆಂಬುದನ್ನು ನೆನೆದರೆ ಮನಸ್ಸಿಗೆ ವ್ಯಥೆಯಾಗುತ್ತದೆ.

ಕಡತಗಳು ಹೊರಗೆ ಬಂದ ಮೇಲೆ ದುರಸ್ತಿ. ಸ್ಟಾರ್ಟ್ ಗುಂಡಿಯ ಮೇಲೆ ಬಲಗುಂಡಿಯಿಂದ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಡಿಸ್‌ಪ್ಲೇ ಅಡಾಪ್ಟರ್ಸ್’ ಎಂಬುದರ ಕೆಳಗಿನ ಹೆಸರನ್ನು ಬಿಚ್ಚಿ, ‘ಡ್ರೈವರ್’ ಎಂಬ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಎಂಬುದನ್ನು ಆರಿಸಿದರೆ, ಹೊಸ ಡ್ರೈವರು ಹೋಗಿ ಹಿಂದಿನದು ಬರುತ್ತದೆ. ಹಿಂದಿನದು ಉಳಿದಿಲ್ಲದಿದ್ದರೆ ಆ ಗುಂಡಿ ಮಂಕಾಗಿರುತ್ತದೆ. ಆಗ ‘ಅನ್‌ಇನ್‌ಸ್ಟಾಲ್ ಡಿವೈಸ್’ ಎಂದು ತೆಗೆದು ರೀಸ್ಟಾರ್ಟ್ ಮಾಡಿದರೆ ವಿಂಡೋಸು ತಾನೇ ಸರಳವಾದ ಡ್ರೈವರೊಂದನ್ನು ಹಾಕಿಕೊಳ್ಳುತ್ತದೆ. ಕಾಯಿಲೆಗೆ ಸ್ವಲ್ಪ ಮುಂಚೆ ಯಾವುದಾದರೂ ಹೊಸ ಕಾರ್ಯಕ್ರಮವನ್ನು ಹಾಕಿದ್ದರೆ ಅದನ್ನು ತೆಗೆದು ನೋಡಿ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟದಲ್ಲಿ, ಲಾಗಿನ್ ಆದೊಡನೆ ಏಳುವ ಕಾರ್ಯಕ್ರಮಗಳ ಪಟ್ಟಿಯಿದೆ. ಅವನ್ನು ತಡೆದು ಒಂದೊಂದಾಗಿ ಮತ್ತೆ ಬಿಡುತ್ತ ಬಂದರೆ ಅಡ್ಡಿಯಾದುದು ಸಿಕ್ಕಿಬೀಳುತ್ತದೆ.

ವಿಂಡೋಸಿನ ಅಪ್‌ಡೇಟ್ ಆದ ಮರುದಿನವೇ ಕಾಯಿಲೆ ಬಂದಿದ್ದರೆ, ಹಿಂದೆ ಹೇಳಿದ ‘ಅಡ್ವಾನ್ಸ್ಡ್ ಆಪ್ಷನ್ಸ್’ ಪಟ್ಟಿಯಲ್ಲಿಯೇ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಎಂಬುದಿದೆ. ಇತ್ತೀಚಿನ ಒಂದನ್ನು ಅದರಿಂದ ಹಿಂದಕ್ಕೆ ಪಡೆಯಬಹುದು. ಅಲ್ಲಿಯೇ ‘ಸಿಸ್ಟಂ ರಿಸ್ಟೋರ್’ ಎಂಬುದೂ ಉಂಟು. ಯಂತ್ರ ಹಿಂದೊಂದು ದಿನದ ಸ್ಥಿತಿಯನ್ನು ಗುರುತು ಮಾಡಿಟ್ಟುಕೊಂಡಿದ್ದರೆ ಅದಕ್ಕೆ ಹಿಂದಿರುಗಿಸುವ ಉಪಾಯವಿದು. ನಮ್ಮ ಸ್ವಂತ ಕಡತಗಳನ್ನು ಇದು ಮುಟ್ಟುವುದಿಲ್ಲ.

ಕೊನೆಯ ಉಪಾಯ

ಎಲ್ಲವೂ ಮುಗಿದ ಮೇಲೆ ಉಳಿಯುವುದು ‘ರೀಸೆಟ್’, ಎಂದರೆ ವಿಂಡೋಸನ್ನು ಹೊಸದಾಗಿ ಹಾಕುವುದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಡ. ಆದರೆ ಕೊಡಲಿ ಬೇಕಾದ ಸಂದರ್ಭವೂ ಇಲ್ಲದಿಲ್ಲ. ಇಲ್ಲಿ ಯಂತ್ರ ಎರಡು ಆಯ್ಕೆಗಳನ್ನು ಕೊಡುತ್ತದೆ. ‘ಕೀಪ್ ಮೈ ಫೈಲ್ಸ್’ ಎಂದರೆ ಕಡತಗಳನ್ನು ಉಳಿಸಿಕೊಂಡು, ನಾವು ಹಾಕಿಕೊಂಡ ಕಾರ್ಯಕ್ರಮಗಳನ್ನು ತೆಗೆಯುವುದು. ‘ರಿಮೂವ್ ಎವೆರಿಥಿಂಗ್’ ಎಂದರೆ ಎಲ್ಲವನ್ನೂ ಅಳಿಸುವುದು. ಮೊದಲನೆಯದನ್ನು ಆರಿಸುವಾಗಲೂ ಹೊರಗೊಂದು ನಕಲು ಇರುವುದು ಲೇಸು.

ಕನ್ನಡದಲ್ಲಿ ಬರೆಯುವವರು ಇಲ್ಲಿ ಒಂದು ವಿಷಯವನ್ನು ತಿಳಿದಿರಬೇಕು. ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬರೆದ ಕಡತಗಳು ಓದಲು ಬರುವುದು ಆ ಅಕ್ಷರರೂಪಗಳು ಯಂತ್ರದಲ್ಲಿ ಇದ್ದಾಗ ಮಾತ್ರ. ರೀಸೆಟ್ ಆದಾಗ ಅವೂ ಹೋಗಿರುತ್ತವೆ. ಆಗ ಹಳೆಯ ಕಡತವನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿತೆಂದು ಅಳಿಸಿಬಿಡಬೇಡಿ. ಆ ತಂತ್ರಾಂಶವನ್ನು ಮತ್ತೆ ಹಾಕಿಕೊಂಡರೆ ಕನ್ನಡ ಮರಳಿ ಮೂಡುತ್ತದೆ. ಬಿಡುವಾದಾಗ ಅಂಥ ಬರಹಗಳನ್ನು ಯೂನಿಕೋಡಿಗೆ ಮಾರ್ಪಡಿಸಿಟ್ಟುಕೊಂಡರೆ ಈ ತೊಡಕು ಇರದು.

ಯಾವಾಗ ಅಂಗಡಿಗೆ?

ಕೆಲವು ಲಕ್ಷಣಗಳು ಕಂಡರೆ ಮನೆಯ ಪ್ರಯೋಗವನ್ನು ನಿಲ್ಲಿಸಬೇಕು. ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿದಾಗ ಚಿತ್ರ ಬಂದು ಹೋಗುತ್ತಿದ್ದರೆ ಕೀಲಿನೊಳಗಿನ ತಂತಿ ಸವೆದಿರಬಹುದು. ಕತ್ತಲೆಯಲ್ಲಿ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ತೆರೆಯಲ್ಲಿ ಮಸುಕಾದ ಚಿತ್ರ ಕಂಡರೆ ಹಿಂದಣ ಬೆಳಕು ಹೋಗಿದೆ. ಟೆಲಿವಿಷನ್ನಿಗೆ ತಂತಿಯಿಂದ ಜೋಡಿಸಿದಾಗ ಅಲ್ಲಿ ಚಿತ್ರ ಸರಿಯಾಗಿ ಬಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ಯಾವ ಉಪಾಯದಿಂದಲೂ ಬಾರದಿದ್ದರೆ, ದೋಷ ತೆರೆಯಲ್ಲಿಯೋ ಅದರ ತಂತಿಯಲ್ಲಿಯೋ ಇರಬಹುದು. ಕಡತಗಳಿಗೆ ಭಯವಿಲ್ಲ, ಟೆಲಿವಿಷನ್ನಿನಲ್ಲಿ ನೋಡುತ್ತಲೇ ನಕಲು ಮಾಡಿಕೊಳ್ಳಬಹುದು. ಯಂತ್ರದ ಮೇಲೆ ಕಾಫಿಯೋ ನೀರೋ ಚೆಲ್ಲಿದ್ದರೆ ಅಥವಾ ಬ್ಯಾಟರಿ ಉಬ್ಬಿ ಅಡಿಯ ಹಲಗೆ ಎದ್ದಿದ್ದರೆ ಒಡನೆಯೇ ಆರಿಸಿ, ಚಾರ್ಜರನ್ನು ತೆಗೆದು, ದುರಸ್ತಿಗೆ ಕೊಡಬೇಕು. ಉಬ್ಬಿದ ಬ್ಯಾಟರಿಯನ್ನು ಒತ್ತುವುದೂ ಚುಚ್ಚುವುದೂ ಬೆಂಕಿಗೆ ಆಹ್ವಾನ.

ಅಂಗಡಿಗೆ ಕೊಡುವಾಗ ಮೂರು ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದೊಂದಿಗೆ ಕೊಡಿ: ಲಾಗಿನ್ನಿನವರೆಗೆ ಬಂದು ಆಮೇಲೆ ತೆರೆ ಕಪ್ಪಾಗುತ್ತದೆ ಎಂಬುದು, ನಾವು ಇಂತಿಂಥ ಉಪಾಯಗಳನ್ನು ಮಾಡಿ ನೋಡಿದ್ದೇವೆ ಎಂಬುದು, ನಮ್ಮನ್ನು ಕೇಳದೆ ಡಿಸ್ಕನ್ನು ಅಳಿಸಕೂಡದು ಎಂಬುದು. ನಕಲು ಮಾ​ಡಿಕೊಳ್ಳಲು ಆಗಿರದಿದ್ದರೆ, ಮೊದಲು ಕಡತಗಳನ್ನು ಹೊರಗೆ ತೆಗೆದುಕೊಡಬೇಕೆಂದು ಕೇಳಿ. ಒಳ್ಳೆಯ ಕೆಲಸಗಾರನು ಇದರಿಂದ ಬೇಸರಪಡುವುದಿಲ್ಲ. ಅವನ ಕೆಲಸವೂ ಹಗುರಾಗುತ್ತದೆ.

ಇಷ್ಟನ್ನೆಲ್ಲ ನೆನಪಿಡುವುದು ಕಷ್ಟವೆಂದು ತೋರಬಹುದು. ಕ್ರಮವನ್ನು ಮಾತ್ರ ನೆನಪಿಟ್ಟರೂ ಸಾಕು: ಕಾಯುವುದು, ಲಕ್ಷಣ ನೋಡುವುದು, ಕೀಲಿಮಣೆಯ ಉಪಾಯಗಳು, ರೀಸ್ಟಾರ್ಟ್, ಸೇಫ್ ಮೋಡ್, ಕಡತಗಳ ನಕಲು, ಆಮೇಲೆ ದುರಸ್ತಿ. ಇನ್ನು, ತೆರೆ ಬೆಳಗುತ್ತಿರುವ ಇಂದೇ ಮಾಡಿಡಬಹುದಾದ ಕೆಲಸಗಳು ಎರಡು. ಮುಖ್ಯವಾದ ಕಡತಗಳ ಒಂದು ನಕಲನ್ನು ಯಂತ್ರದಿಂದ ಹೊರಗೆ ಇಡುವುದು. ಬಿಟ್‌ಲಾಕರಿನ 48 ಅಂಕೆಗಳನ್ನು ಕಾಗದದ ಮೇಲೆ ಬರೆದಿಡುವುದು. ಒಂದು ಭಾನುವಾರದ ಮಧ್ಯಾಹ್ನ ಇವೆರಡಕ್ಕೂ ಸಾಕು.